ಕೆಂಪು ಕಂಬ ಯಾವ ಬೀದಿಯದು?

ನಲ್ಲಿಯ ನೀರು ಕೆಟ್ಟರೆ ಊರಿನಲ್ಲಿ ಮೊದಲು ಗೊತ್ತಾಗುವುದು ನೀರು ಸರಬರಾಜು ಕಚೇರಿಯ ಗುಮಾಸ್ತನಿಗೆ. ಯಾವ ಬೀದಿಯ ನೀರು ಹೇಗಿದೆ ಎಂದು ಅವನು ವಾರವಾರ ಚಾರ್ಟ್ ಮಾಡಿ ಎಲ್ಲರ ಫೋನಿಗೆ ಕಳಿಸುತ್ತಾನೆ. ಬೀದಿಗೊಂದರಂತೆ ಬಣ್ಣದ ಕಂಬಗಳು, ನೀರು ಚೆನ್ನಾಗಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಒಂದು ಸಂಜೆ ಮನೆಗೆ ಬಂದಾಗ ಅಕ್ಕ ಅವನ ಪುಟ್ಟ ಮಗಳಿಗೆ ನಲ್ಲಿಯಿಂದ ನೀರು ಹಿಡಿಯುತ್ತಿದ್ದಳು. ಅಕ್ಕನಿಗೆ ಕಣ್ಣು ಕಾಣದು. ಫೋನು ಓದಿ ಹೇಳುವುದನ್ನು ಕೇಳಿಕೊಂಡೇ ಬ್ಯಾಂಕು, ಬಿಲ್ಲು ಎಲ್ಲ ನಿಭಾಯಿಸುವವಳು.

“ಅಕ್ಕಾ, ಚೆಲ್ಲು ಅದನ್ನ. ಪೈಪ್ ಒಡೆದು ಚರಂಡಿ ನೀರು ಸೇರಿದೆ. ಬೆಳಿಗ್ಗೆನೇ ಚಾರ್ಟ್ ಕಳಿಸಿದ್ನಲ್ಲ?”

ಅಕ್ಕ ಫೋನಿನ ಮೇಲೆ ಬೆರಳಾಡಿಸಿದಳು. ‘ಚಿತ್ರ’ ಎಂದಿತು ಫೋನು, ಅಷ್ಟೇ.

“ನನಗೆ ಬಂದಿದ್ದು ಇಷ್ಟು. ಬೆಳಿಗ್ಗೆಯಿಂದ ಇದೇ ನೀರು ಕುಡಿಸಿದ್ದೀನಿ ಕಣೋ.” ಅವಳು ಹಿಡಿದ ನೀರನ್ನು ಚೆಲ್ಲಿದಳು.

ಮಗುವಿಗೆ ವಾಂತಿ ಭೇದಿ ಹತ್ತಿಕೊಂಡಿತು. ಆಸ್ಪತ್ರೆಗೆ ಸೇರಿಸಬೇಕಾಯಿತು. ಗುಣವಾಗಿ ಮನೆಗೆ ಬಂದ ಮೇಲೂ ಅಕ್ಕ ಅದಕ್ಕೆ ನೀರು ಕೊಡಲು ಹೆದರುತ್ತಿದ್ದಳು. ಅವನಿಗೆ ಅದನ್ನು ನೋಡಲಾಗಲಿಲ್ಲ.

“ಚಿತ್ರಕ್ಕೆ ಮಾತು ಕಲಿಸೋಕಾಗುತ್ತಾ ಅಕ್ಕಾ?”

“ಆಗುತ್ತೆ. ಚಿತ್ರ ಹಾಕುವಾಗ ವಿವರಣೆ ಬರೆಯೋ ಜಾಗ ಇರುತ್ತೆ. ನೀನು ಅದನ್ನ ಖಾಲಿ ಬಿಡ್ತೀಯ.”

ಮುಂದಿನ ವಾರ ಬರೆದು ಕಳಿಸಿ, ಶಹಭಾಸ್‌ಗಿರಿಗೆ ಕಾದು ಕೂತ. ಫೋನು ಓದಿತು: ‘ಐದು ಕಂಬಗಳ ಚಾರ್ಟ್. ನಾಲ್ಕು ಹಸಿರು, ಒಂದು ಕೆಂಪು.’

“ಸರಿಹೋಯ್ತು. ಕೆಂಪು ಕಂಬ ಯಾವ ಬೀದಿದು? ಆ ನೀರು ಕುಡೀಬಹುದಾ? ನಾನು ಕಂಬ ಎಣಿಸ್ಕೊಂಡು ಕೂತ್ಕೊಳ್ಲಾ, ಮಗೂಗೆ ನೀರು ಕೊಡ್ಲಾ?”

ಅವನಿಗೆ ನಗುವೂ ಬಂತು, ನಾಚಿಕೆಯೂ ಆಯಿತು. “ಮತ್ತೆ ಏನು ಬರೀಲಿ?”

“ಇದೇ ಚಾರ್ಟನ್ನ ಫೋನ್ ಮಾಡಿ ಹೇಳೋದಾದ್ರೆ ಏನು ಹೇಳ್ತಿದ್ದೆ? ಅದನ್ನೇ ಬರಿ. ಮುಖ್ಯ ವಿಷಯ ಮೊದಲು. ಅಂಕಿಗಳನ್ನ ಚಿತ್ರದ ಕೆಳಗೆ ಅಕ್ಷರದಲ್ಲೇ ಹಾಕು. ಬಣ್ಣ ಒಂದನ್ನೇ ನಂಬಬೇಡ, ಕಂಬದ ಮೇಲೆ ‘ಕುದಿಸಿ ಕುಡಿಯಿರಿ’ ಅಂತಲೂ ಬರಿ. ಬಣ್ಣ ಗುರುತು ಸಿಗದವರೂ ಇದ್ದಾರೆ.”

ಅಲ್ಲೇ ಕೂತು ತಿದ್ದಿ ಮತ್ತೆ ಕಳಿಸಿದ. ‘ಹಳೇ ಸೇತುವೆ ಬೀದಿಯ ನೀರನ್ನು ಕುದಿಸಿ ಕುಡಿಯಿರಿ. ಉಳಿದ ನಾಲ್ಕು ಬೀದಿಗಳ ನೀರು ಚೆನ್ನಾಗಿದೆ.’

ಅವರದು ಹಳೇ ಸೇತುವೆ ಬೀದಿಯಲ್ಲ; ಅವರ ಬೀದಿಯ ಒಡೆದ ಪೈಪ್ ಆಗಲೇ ರಿಪೇರಿಯಾಗಿತ್ತು. ಅಕ್ಕ ಎದ್ದು ಹೋಗಿ ನಲ್ಲಿ ತಿರುಗಿಸಿ, ಲೋಟ ತುಂಬಿ, ತಾನೇ ಮಗುವನ್ನು ಕರೆದಳು.

ಚಾರ್ಟ್ ಮಾಡುವವರೇ, ಪರದೆ ಓದುವ ಸೌಲಭ್ಯ ನಿಮ್ಮ ಫೋನಿನಲ್ಲೂ ಇದೆ. ಕಳಿಸುವ ಮುಂಚೆ ಅದನ್ನು ಆನ್ ಮಾಡಿ, ಕಣ್ಣು ಮುಚ್ಚಿ ಕೇಳಿ. ನಿಮ್ಮ ಮಗುವಿಗೆ ಆ ನೀರು ಕೊಡಬಹುದೋ ಬಾರದೋ ತಿಳಿಯಿತೇ? ತಿಳಿಯದಿದ್ದರೆ ಇನ್ನೊಮ್ಮೆ ಬರೆಯಿರಿ.