ಎರಡು ಸಲ ಸೇವ್ ಮಾಡಿದ ಫೈಲು

ಅಣ್ಣ ತೀರಿಕೊಂಡು ಎರಡು ವಾರವಾಗಿತ್ತು. ಅತ್ತಿಗೆ ನನ್ನನ್ನು ಅವನ ಹಳೆಯ ಕಂಪ್ಯೂಟರಿನ ಮುಂದೆ ಕೂರಿಸಿ, ತಾವೊಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

ಗಂಟಲಿನ ಗಡ್ಡೆ ತೆಗೆದರೆ ದನಿಯೂ ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಣ್ಣ ಬೇಡವೇ ಬೇಡ ಎಂದಿದ್ದ. ಉಸಿರು ಕಟ್ಟಿ ಪ್ರಜ್ಞೆ ತಪ್ಪಿದಾಗ ಅತ್ತಿಗೆ ಆಪರೇಷನ್ನಿಗೆ ಸಹಿ ಹಾಕಿದರು. ಆಮೇಲೆ ಅವನು ಬದುಕಿದ್ದು ಎಂಟು ತಿಂಗಳು. ನನಗೆ ಬರೆದು ತೋರಿಸುತ್ತಿದ್ದ, ಪಕ್ಕದ ಮನೆಯವರಿಗೆ ಬರೆದು ತೋರಿಸುತ್ತಿದ್ದ, ಹೆಂಡತಿಗೆ ಮಾತ್ರ ಒಂದಕ್ಷರ ಬರೆಯಲಿಲ್ಲ. ಹಟಕ್ಕೆ ಬಿದ್ದರೆ ಯಾರಪ್ಪನ ಮಾತೂ ಕೇಳುವವನಲ್ಲ ಅವನು. ಕೊನೆಯ ವಾರ ನನ್ನ ಕೈಗೊಂದು ಚೀಟಿ ತುರುಕಿದ: ‘ಅವಳಿಗೆ ಬರೆದಿಟ್ಟಿದ್ದೇನೆ. ಕಂಪ್ಯೂಟರಿನಲ್ಲಿದೆ. ನಾನು ಹೋದ ಮೇಲೆ ಓದಿಸು.’

“ಬೈದಿದ್ರೂ ಪರವಾಗಿಲ್ಲಪ್ಪ, ಓದು,” ಎಂದರು ಅತ್ತಿಗೆ. “ಕೋಪ ಹೋಗಿತ್ತೋ ಇಲ್ವೋ, ಅಷ್ಟು ಗೊತ್ತಾದ್ರೆ ಸಾಕು ನಂಗೆ.”

ಅಣ್ಣ ಬರೆಯಲು ಬಳಸುತ್ತಿದ್ದದ್ದು ಕಪ್ಪು ಪರದೆಯ ಎಡಿಟರು. ಮೌಸಿಲ್ಲ, ಮೆನುವಿಲ್ಲ, ಪ್ರತಿಯೊಂದು ಆಜ್ಞೆಯನ್ನೂ ಟೈಪ್ ಮಾಡಬೇಕು. ಫೈಲು ತೆರೆದರೆ ಅಕ್ಷರದ ಜಾಗದಲ್ಲಿ ಬರೀ ಚೌಕ, ಗೀಟು, ಕಸ.

“ಅಯ್ಯೋ, ಏನೋ ಇದು?”

“ಗಾಬರಿ ಆಗ್ಬೇಡಿ ಅತ್ತಿಗೆ. ಎನ್ಕೋಡಿಂಗ್ ತಪ್ಪಿದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನೋ ಪಟ್ಟಿ ಅದು. ಬೇರೆ ಪಟ್ಟಿ ಹಾಕಿದ್ರೆ ಸರಿಹೋಗುತ್ತೆ. ನನಗೆ ಇದೇ ಕೆಲಸ ಅಲ್ವಾ?”

ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ! ಹಳೆಯದೊಂದು ಪಟ್ಟಿಯ ಹೆಸರು ಕೊಟ್ಟೆ. ಕೆಲವು ಅಕ್ಷರ ಈ ಪಟ್ಟಿಯಲ್ಲಿಲ್ಲ ಎಂದು ಎಡಿಟರು ಎಚ್ಚರಿಸಿತು. ಇಂಥದ್ದಕ್ಕೆಲ್ಲ ನಿಂತರೆ ನಮ್ಮ ಕೆಲಸ ಸಾಗುವುದಿಲ್ಲ. ಬಲವಂತವಾಗಿ ಸೇವ್ ಮಾಡಿದೆ. ನಮ್ಮ ಕಸುಬಿನವರಿಗೆ ಒಂದು ಸೇವ್ ಮೇಲೆ ನಂಬಿಕೆಯಿಲ್ಲ, ಕೈ ತಾನಾಗಿಯೇ ಇನ್ನೊಂದು ಸಲ ಒತ್ತುತ್ತದೆ. ಒತ್ತಿತು. ಮುಚ್ಚಿ ಮತ್ತೆ ತೆರೆದೆ.

ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆ. ನಡುನಡುವೆ ಚುಕ್ಕಿ, ಅಲ್ಪವಿರಾಮ. ಅಷ್ಟೇ.

ಫೈಲು ಮೊದಲಿನಿಂದಲೂ ಸರಿಯಾಗಿಯೇ ಇತ್ತು, ತಪ್ಪಿದ್ದುದು ಪರದೆಯ ಸೆಟ್ಟಿಂಗು. ಅದನ್ನು ತಿದ್ದುವುದು ಬಿಟ್ಟು ಫೈಲು ಬರೆಯುವ ಪಟ್ಟಿಯನ್ನೇ ಬದಲಿಸಿ, ಅದರಲ್ಲಿಲ್ಲದ ಅಕ್ಷರಗಳನ್ನೆಲ್ಲ ಕೊಂದಿದ್ದೆ. ಸೇವ್ ಮಾಡುವಾಗ ಎಡಿಟರು ಹಿಂದಿನ ಒಂದು ಪ್ರತಿಯನ್ನು ಪಕ್ಕಕ್ಕಿಡುತ್ತದೆ. ಅದನ್ನು ತೆರೆದೆ. ಎರಡನೆಯ ಸೇವ್ ಹಾಳಾದ ಪ್ರತಿಯನ್ನೇ ಅಲ್ಲಿಟ್ಟು ಅದನ್ನೂ ನುಂಗಿತ್ತು. ಮಧ್ಯಾಹ್ನದವರೆಗೂ ಕಂಪ್ಯೂಟರಿನಲ್ಲಿ ಹುಡುಕದ ಮೂಲೆಯಿಲ್ಲ.

“ಅತ್ತಿಗೆ, ಹಾಳು ಮಾಡ್ಬಿಟ್ಟೆ. ಒಂದಕ್ಷರಾನೂ ಉಳಿದಿಲ್ಲ. ಚಪ್ಪಲಿ ತಗೊಂಡು ಹೊಡೀರಿ ನಂಗೆ.”

ಅವರು ಹೊಡೆಯಲಿಲ್ಲ, ಬೈಯಲೂ ಇಲ್ಲ. ನನ್ನ ಮುಖವನ್ನೇ ನೋಡಿದರು.

“ನಿಂಗೆ ಇದೇ ಕೆಲಸ ಅಂದ್ಯಲ್ಲ. ಓದಿದೆ ಅಲ್ವಾ ನೀನು?”

“ಇಲ್ಲ ಅತ್ತಿಗೆ! ನನ್ನಾಣೆ, ಮಕ್ಕಳಾಣೆ!”

“ಬಿಡಪ್ಪ. ಒಳ್ಳೇ ಮಾತು ಬರ್ದಿದ್ರೆ ನೀನು ಅಳಿಸ್ತಿರ್ಲಿಲ್ಲ.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲಾಚೆ ನಿಂತು ಗಂಟಲು ಹರಿಯುವಂತೆ ಕೂಗಿ ಹೇಳಿದೆ. ನಂಬಲಿಲ್ಲ. ಇವತ್ತಿಗೂ ನಂಬಿಲ್ಲ.