ದುಮ್ಮವಾಡ ರಸ್ತೆಯ ದೊಡ್ಡ ಕೂಸು

ನಮ್ಮಪ್ಪನನ್ನು ನೋಡಲು ಜನ ಬಸ್ಸು ಇಳಿಯುತ್ತಾರೆ. ಹೆಮ್ಮೆಯಿಂದ ಹೇಳುತ್ತಿಲ್ಲ, ಹೊಟ್ಟೆ ಉರಿದು ಹೇಳುತ್ತಿದ್ದೇನೆ. ಆ ಬಸ್ಸಿನ ಕಂಡಕ್ಟರ್ ನಾನೇ. "ಎಲ್ಲಿಗ್ರಿ?" ಎಂದರೆ "ಎರಡು ದೊಡ್ಡ ಕೂಸು ಕೊಡ್ರಿ" ಎನ್ನುತ್ತಾರೆ. ಟಿಕೆಟ್ ಮಷಿನ್ನಿನಲ್ಲಿ ಅಂಥ ಸ್ಟಾಪೇ ಇಲ್ಲ. ಮುಂದಿನ ಊರಿನ ಟಿಕೆಟ್ ಕೊಟ್ಟು, ಹಲ್ಲು ಕಚ್ಚಿಕೊಂಡು ಸೀಟಿ ಊದುತ್ತೇನೆ.

ಇದಕ್ಕೆಲ್ಲ ಮೂಲ ನನ್ನ ತಮ್ಮ ಹುಲಿಗೇಶ. ಕಲಘಟಗಿಯಿಂದ ದುಮ್ಮವಾಡಕ್ಕೆ ಹೋಗುವ ರಸ್ತೆಯ ಮೇಲೆ ನಮ್ಮ ಮನೆ, ಮನೆಯ ಮುಂದೆಯೇ ಅವನ ಮಿರ್ಚಿ ಭಜಿ ಅಂಗಡಿ. ಭಜಿ ಚೆನ್ನಾಗಿಯೇ ಇರುತ್ತದೆ, ಆದರೆ ಗಾಡಿಗಳು ನಿಲ್ಲುತ್ತಿರಲಿಲ್ಲ. ಯಾವುದೋ ಊರಲ್ಲಿ ಆಳೆತ್ತರದ ಚಹಾ ಕಿಟಲಿ ನಿಲ್ಲಿಸಿ, ಜನ ಅದರ ಪಕ್ಕ ಪಾಳಿ ಹಚ್ಚಿ ಫೋಟೋ ತೆಗೆಸಿಕೊಳ್ಳುವುದನ್ನು ಇವನು ಮೊಬೈಲಿನಲ್ಲಿ ನೋಡಿದ. ತಲೆಯಲ್ಲಿ ಹುಳ ಹೊಕ್ಕಿತು.

"ಕಲಘಟಗಿ ಅಂದ್ರ ಏನಕ್ಕಾ? ತೊಟ್ಟಲ! ಬಣ್ಣದ ತೊಟ್ಟಲಕ್ಕ ಎಲ್ಲೆಲ್ಲಿಂದೋ ಬರ್ತಾರ. ನಾವೊಂದು ಚಕ್ಕಡಿಯಷ್ಟು ದೊಡ್ಡ ತೊಟ್ಟಲ ಕಟ್ಟಿದ್ರ?"

"ಅದರಾಗ ಯಾರನ್ನ ಮಲಗಸ್ತೀಯೋ?"

"ಯಾರನ್ನೂ ಇಲ್ಲ. ಸುಮ್ನ ನೋಡಾಕ."

ಅಲ್ಲಿಯೇ ಅವನು ಎಡವಿದ್ದು. ಬಡಿಗ ಭೀಮಶಿ ಕೆಂಪು, ಹಳದಿ, ಹಸಿರು ಅರಗಿನ ಬಣ್ಣ ಹಚ್ಚಿ, ನಾಲ್ಕೂ ಮಗ್ಗುಲಿಗೆ ಗಿಳಿ, ಆನೆ, ಬಳ್ಳಿ ಬರೆದು ತೊಟ್ಟಿಲನ್ನು ಮಾಡಿಕೊಟ್ಟ. ಕೆಲಸ ಮುಗಿಯುವವರೆಗೂ ಅವನು ತನ್ನ ಸುತ್ತಿಗೆಯನ್ನು ಅದರೊಳಗೇ ಇಡುತ್ತಿದ್ದ. ಯಾಕೆಂದು ಯಾರೂ ಕೇಳಲಿಲ್ಲ. ದಪ್ಪ ಕಂಬ ನೆಟ್ಟು, ಸರಪಳಿ ಹಾಕಿ, ಮೇಲೆ ತಗಡು ಹೊದಿಸಿ, ಊರೆಲ್ಲ ಸೇರಿ ಎತ್ತಿ ತೂಗುಹಾಕಿದರು. 'ದೇಶದ ಅತಿ ದೊಡ್ಡ ತೊಟ್ಟಿಲು' ಎಂದು ಬೋರ್ಡು ಬಂತು. ಅಳೆದವರು ಯಾರು ಎಂದು ಕೇಳಿದೆ. "ಇದಕ್ಕಿಂತ ದೊಡ್ಡದಿದ್ರ ತಂದು ತೋರಸಲಿ" ಎಂದ ಹುಲಿಗೇಶ. ಭೀಮಶಿ ತನ್ನ ಸುತ್ತಿಗೆ ಎತ್ತಿಕೊಂಡು ಮನೆಗೆ ಹೋದ.

ಮರುದಿನ ಆಷಾಢದ ಗಾಳಿ ಬೀಸಿತು. ತೊಟ್ಟಿಲು ತನ್ನಷ್ಟಕ್ಕೆ ತಾನೇ ತೂಗತೊಡಗಿತು. ಖಾಲಿ ತೊಟ್ಟಿಲು!

ನಮ್ಮ ಕಡೆ ಖಾಲಿ ತೊಟ್ಟಿಲನ್ನು ಯಾರೂ ತೂಗುವುದಿಲ್ಲ. ಆಟಕ್ಕೆ ತೂಗಿದ ಮಕ್ಕಳ ಕೈಮೇಲೆ ಏಟು ಬೀಳುತ್ತದೆ. ಕೂಸಿಗೆ ಆಗಿಬರುವುದಿಲ್ಲ ಎಂದು ನಂಬಿಕೆ. ನಮ್ಮ ಮನೆಯಲ್ಲಿ ಹುಲಿಗೇಶನ ಹೆಂಡತಿ ರಾಜೇಶ್ವರಿ ಬಸುರಿ. ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿ, ಹರಕೆ, ದವಾಖಾನೆ ಎರಡನ್ನೂ ಸುತ್ತಿ ಮೂರನೆಯದು ಉಳಿದಿತ್ತು. ಅವಳು ಕಿಟಕಿಯಿಂದ ಅದನ್ನು ನೋಡಿ ನೆಲಕ್ಕೆ ಕುಸಿದು ಕೂತಳು. ಎರಡು ಹೊತ್ತು ಅನ್ನ ಮುಟ್ಟಲಿಲ್ಲ.

"ಅದನ್ನ ಇಳಸೋ ಮೂಳಾ!" ಎಂದು ನಮ್ಮವ್ವ ತಾಯವ್ವ ಮಗನ ಮೈಮೇಲೆ ಹೋದಳು.

"ಬ್ಯಾಡ್ರಿ ಅತ್ತಿ" ಎಂದು ರಾಜೇಶ್ವರಿ ಅತ್ತಳು. "ಮನ್ಯಾಗ ಬಸರಿ ಇದ್ದಾಗ ಕಟ್ಟಿದ ತೊಟ್ಟಲ ಇಳಸತಾರೇನ್ರಿ?"

ಅದೂ ನಿಜವೇ. ತೂಗುವಂತಿಲ್ಲ, ಇಳಿಸುವಂತಿಲ್ಲ. ಹುಲಿಗೇಶ ಹಗ್ಗ ಬಿಗಿದು ಕಟ್ಟಿದ. ಕಾರಿನಲ್ಲಿ ಬಂದ ಕುಟುಂಬವೊಂದು ಹಗ್ಗ ಬಿಚ್ಚಿ, ತೂಗಿ, ವಿಡಿಯೋ ಮಾಡಿಕೊಂಡಿತು. ಅವ್ವ ಭಜಿ ಹಿಟ್ಟು ಮೆತ್ತಿದ ಕೈಯಲ್ಲೇ ಅವರನ್ನು ಅಟ್ಟಿಸಿಕೊಂಡು ಹೋದಳು. ಆಮೇಲೆ ತೊಟ್ಟಿಲು ಖಾಲಿ ಇರಬಾರದೆಂದು ಒಳಗೆ ರುಬ್ಬುವ ಗುಂಡಕಲ್ಲು ಇಟ್ಟರು. ಅಷ್ಟು ದೊಡ್ಡ ತೊಟ್ಟಿಲಲ್ಲಿ ಅದು ಅತ್ತಿಂದಿತ್ತ ಉರುಳಿ ಧಡಲ್ ಧಡಲ್ ಎಂದು ಬಡಿಯತೊಡಗಿದಾಗ ರಾಜೇಶ್ವರಿ ಇನ್ನೂ ಹೆದರಿದಳು.

ಇದೆಲ್ಲವನ್ನೂ ನಮ್ಮಪ್ಪ ಉಡಚಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಸರ್ಕಾರಿ ದವಾಖಾನೆಯಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಶಕುನ, ದೃಷ್ಟಿ ಎಂದರೆ ಅವನಿಗೆ ಮೈಯುರಿ.

"ಹೆರಿಗಿ ವಾರ್ಡಿನ ಬಾಗಲದಾಗ ಜನ್ಮ ಕಳದೇನಿ. ತೊಟ್ಟಲ ತೂಗಿದ್ದಕ್ಕ ಯಾವ ಕೂಸಿಗೂ ಏನೂ ಆಗಿಲ್ಲ. ಎಲ್ಲಾ ಸುಳ್ಳು!" ಎಂದು ಭಾಷಣ ಮಾಡಿದ. ಆಮೇಲೆ ಮೇಲೆದ್ದು, ಕಂಬಳಿ ಹೆಗಲಿಗೆ ಹಾಕಿಕೊಂಡು, ಸ್ಟೂಲು ಇಟ್ಟು ತೊಟ್ಟಿಲು ಹತ್ತಿ ಮಲಗಿಬಿಟ್ಟ.

"ಇದೇನ್ರೀ?" ಎಂದಳು ಅವ್ವ.

"ನಿದ್ದಿ ಬಂದೈತಿ."

ಆ ನಿದ್ದೆ ತಿಂಗಳುಗಟ್ಟಲೆ ಬಂತು. ಊಟಕ್ಕೆ ಇಳಿದರೆ ಅವ್ವ ಹತ್ತುತ್ತಿದ್ದಳು, ಸಂಜೆ ಹುಲಿಗೇಶ ಹತ್ತುತ್ತಿದ್ದ, ಉಳಿದಂತೆ ಅಪ್ಪನೇ. ಅಂಗಡಿಗೆ ಅದೃಷ್ಟ ಖುಲಾಯಿಸಿದ್ದು ಆಗಲೇ. ಖಾಲಿ ತೊಟ್ಟಿಲನ್ನು ನೋಡಲು ಬಂದವರು ಬೆರಳೆಣಿಕೆಯಷ್ಟು. ಬಿಳಿ ಮೀಸೆಯ ಆಸಾಮಿ ಬೀಡಿ ಸೇದುತ್ತ ತೂಗುವುದನ್ನು ನೋಡಲು ಜೀಪು ಮಾಡಿಕೊಂಡು ಬಂದರು. ಮೊಬೈಲಿನ ನಕಾಶೆಯಲ್ಲೂ ಯಾರೋ ಏರಿಸಿದರು. 'ಭಜಿ ಬಿಸಿ ಇದೆ, ಕೂಸಿಗೆ ಸಿಟ್ಟು ಜಾಸ್ತಿ' ಎಂದು ಒಬ್ಬ ಬರೆದರೆ, 'ಗೊರಕೆ ಕೇಳಲೇಬೇಕು' ಎಂದು ಇನ್ನೊಬ್ಬ. ನಮ್ಮ ಡ್ರೈವರ್ ಬಾಷಾಸಾಬ ಅಲ್ಲಿ ಬಂದಾಗ ಹಾರ್ನ್ ಹೊಡೆಯುವುದನ್ನೇ ಬಿಟ್ಟ. "ಕೂಸು ಎಚ್ಚರ ಆಗತೈತ್ರಿ ಮೇಡಂ" ಎನ್ನುತ್ತಿದ್ದ. ಇಡೀ ಬಸ್ಸು ನಗುತ್ತಿತ್ತು. ನಾನು ಯೂನಿಫಾರ್ಮಿನಲ್ಲಿ ಬೆವರುತ್ತಿದ್ದೆ.

ಒಂದು ರಜೆಯ ದಿನ ಸಿಟ್ಟು ತಡೆಯಲಾಗದೆ ತೊಟ್ಟಿಲ ಅಂಚು ಹಿಡಿದು ನಿಂತೆ. "ಯಪ್ಪಾ, ನೀನ ನಂಬೂದಿಲ್ಲ. ಮತ್ತ ಯಾಕ ಊರಿಗೆಲ್ಲಾ ನಗಿಪಾಟಲಾಗತಿ?"

ಅಪ್ಪ ಮನೆಯ ಕಿಟಕಿಯ ಕಡೆ ನೋಡಿದ. ರಾಜೇಶ್ವರಿ ಅಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು.

"ಶಕುನ ಸುಳ್ಳು ಬೇ. ಆ ಹುಡುಗಿ ಅಂಜಿಕಿ ಸುಳ್ಳೇನು? ನಾ ಇಲ್ಲಿ ಬಿದ್ಕೊಂಡ್ರ ಅಕಿ ಎರಡು ರೊಟ್ಟಿ ತಿಂತಾಳ." ಆಮೇಲೆ ನಕ್ಕ. "ಮತ್ತ ಖರೇ ಹೇಳಲೇನು? ಆರಾಮ ಐತಿ. ನಮ್ಮವ್ವ ಕಳೆ ತೆಗಿಯೂ ಹೊಲದಾಗ ಬೇವಿನ ಗಿಡಕ್ಕ ಸೀರಿ ಕಟ್ಟಿ ನನ್ನ ಹಾಕಿದ್ಳಂತ. ಹೆಸರಿಡೂ ಕಾರ್ಯನೂ ಇಲ್ಲ, ಕಿವ್ಯಾಗ ಹೇಳಾಕ ಅತ್ತಿನೂ ಇಲ್ಲ. ಆಳಿನ ಹೆಣ್ಮಕ್ಕಳು ಯಾರೋ ಉಡಚಪ್ಪ ಅಂದ್ರು, ಅದ ಆತು."

 ಅವನ ಕಂಬಳಿ ಸರಿಮಾಡಿ ಬಂದೆ.

ದೀಪಾವಳಿಯ ಹಿಂದಿನ ವಾರ ನಮ್ಮ ಬಸ್ಸು ದುಮ್ಮವಾಡದಿಂದ ಕಲಘಟಗಿಗೆ ಹೊರಟಿತ್ತು. ಅಂಗಡಿ ಮುಚ್ಚಿತ್ತು. ಮನೆಗೆ ಕೀಲಿ. ಅಪ್ಪ ತೊಟ್ಟಿಲಲ್ಲಿ ಎದ್ದು ಕೂತು ಎರಡೂ ಕೈ ಬೀಸುತ್ತಿದ್ದ. ಬಾಷಾಸಾಬ ಬ್ರೇಕ್ ಹಾಕಿದ.

"ಬ್ಯಾನಿ ಸುರು ಆಗಿ ಎಲ್ಲಾರೂ ದವಾಖಾನಿಗೆ ಹೋದ್ರು!" ಅಪ್ಪ ಕೂಗಿದ. "ತಾಸಾತು, ಸುದ್ದಿ ಇಲ್ಲ. ಹುಲಿಗ್ಯಾ ಫೋನ್ ಎತ್ತವಲ್ಲ. ನಾ ಹೋಗಬೇಕವಾ."

"ಹಂಗಾರ ಇಳದು ಬಾ ಯಪ್ಪಾ!"

"ಹೆಂಗ ಇಳೀಲಿ? ಗಾಳಿ ನೋಡು!"

ತೊಟ್ಟಿಲು ಸರಪಳಿ ಕಿರುಗುಟ್ಟಿಸುತ್ತ ತೂಗುತ್ತಿತ್ತು. ಭಾಷಣ ಮಾಡಿದ ಮನುಷ್ಯ ಈಗ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. "ನೀ ಮಲಗು" ಎಂದ ನನಗೆ. ಹೆಗಲಲ್ಲಿ ಹಣದ ಚೀಲ, ಕೊರಳಲ್ಲಿ ಸೀಟಿ, ಹಿಂದೆ ತುಂಬಿದ ಬಸ್ಸು! ನನಗೆ ಅಳು ಬಂತು.

ಆಗ ಬಸ್ಸಿನಿಂದ ಫಾತಿಮಾಬಿ ಇಳಿದಳು. ಸಂತೆಗೆ ಹೊರಟ ಮುದುಕಿ, ಕೈಯಲ್ಲಿ ಉಳ್ಳಾಗಡ್ಡಿ ಚೀಲ. ಅದನ್ನು ಬಾಷಾಸಾಬನ ಕೈಗೆ ಕೊಟ್ಟಳು.

"ಇದನ್ನ ಸಂತ್ಯಾಗ ನಮ್ಮ ಹುಡುಗಗ ಕೊಡಪಾ. ಏಳ್ರಿ ಕಾಕಾ, ನಾ ಮಲಗತೇನಿ. ನನ್ನ ಸೊಸೆಂದ್ರು ಬಸರಿದ್ದಾಗ ನಾನೂ ಬರೇ ತೊಟ್ಟಲ ತೂಗಾಕ ಬಿಟ್ಟಿಲ್ಲ."

ನಾಲ್ಕು ಜನ ಸೇರಿ ಅವಳನ್ನು ಹತ್ತಿಸಿದರು. ಅವಳು ಪೂರ್ತಿ ಮಲಗಿದ ಮೇಲೆಯೇ ಅಪ್ಪ ಇಳಿದದ್ದು. ದಾರಿಯುದ್ದಕ್ಕೂ ಕಿಟಕಿಯಿಂದ ಹಿಂದಕ್ಕೆ ನೋಡುತ್ತಿದ್ದ. ನಾನು ಟಿಕೆಟ್ ಕೊಟ್ಟೆ. ಯಾರೂ ನಗಲಿಲ್ಲ.

ದವಾಖಾನೆಯ ಬಾಗಿಲಲ್ಲಿ ಹುಲಿಗೇಶ ಸಿಹಿ ಡಬ್ಬಿ ಹಿಡಿದು ಕುಣಿಯುತ್ತಿದ್ದ. ಹೆಣ್ಣು ಕೂಸು. ತಾಯಿ ಮಗಳು ಇಬ್ಬರೂ ಚೆನ್ನಾಗಿದ್ದರು. ಅಪ್ಪ ಕೂಸಿನ ಹಣೆ ಮುಟ್ಟಿ, ಕಣ್ಣು ಒರೆಸಿಕೊಂಡು, ಮೊದಲು ಹೇಳಿದ ಮಾತು: "ಹೋಗಿ ಫಾತಿಮಾಬಿನ್ನ ಇಳಸ್ರೋ, ಪಾಪ!"

ಹೆಸರಿಡುವ ದಿನ ನಾನು ರಜೆ ಹಾಕಿದೆ. ಕೂಸಿನ ಸೋದರತ್ತೆ ನಾನೇ, ಕಿವಿಯಲ್ಲಿ ಹೆಸರು ಹೇಳಬೇಕಾದವಳು. ಆಗ ಹೆಂಗಸರೆಲ್ಲ ಅತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಬಸ್ಸಿನಲ್ಲಿ ನನ್ನಿಂದ ಬೈಸಿಕೊಂಡವರೆಲ್ಲ ಗುದ್ದಲೆಂದೇ ಮುದ್ದಾಂ ಬಂದಿದ್ದರು. ಕೂಸಿಗಿಂತ ಮೊದಲು ಗುಂಡಕಲ್ಲನ್ನು ಸಿಂಗರಿಸಿ ಆ ದೊಡ್ಡ ತೊಟ್ಟಿಲಿಗೆ ಹಾಕಬೇಕು. ಅವ್ವ ಕಲ್ಲಿಗೆ ಕೂಸಿನ ತಲೆಗೆ ಹಾಕುವ ಕುಂಚಿಗೆ ತೊಡಿಸಿ ಎತ್ತಿಕೊಂಡಳು.

"ಕಲ್ಲು ಯಾಕ್ರಿ ಅತ್ತಿ?" ಎಂದಳು ರಾಜೇಶ್ವರಿ. "ಇಷ್ಟು ದಿನ ನನ್ನ ಕೂಸಿನ ಜಾಗಾ ಹಿಡದವರು ಅಲ್ಲೇ ನಿಂತಾರಲ್ಲ. ಮಾವಾರ, ಹತ್ರಿ."

ನಗೆ ಎದ್ದಿತು. ಅಪ್ಪ "ಎಲ್ಲಾ ಸುಳ್ಳು" ಎಂದು ಗೊಣಗುತ್ತಲೇ ಹತ್ತಿದ. ಅವ್ವ ಕುಂಚಿಗೆಯನ್ನು ಕಲ್ಲಿನಿಂದ ತೆಗೆದು ಅವನ ಬೋಳು ನೆತ್ತಿಯ ಮೇಲಿಟ್ಟಳು. ಹೆಂಗಸರು ಜೋಗುಳ ಎತ್ತಿದರು. ರಸ್ತೆಯಲ್ಲಿ ಬಾಷಾಸಾಬ ಬಸ್ಸು ನಿಲ್ಲಿಸಿದ, ಎಲ್ಲ ಕಿಟಕಿಗಳಲ್ಲೂ ತಲೆಗಳು. ನಾನು ಅವರ ಕಡೆ ನೋಡಲಿಲ್ಲ. ಬಾಗಿ ಅಪ್ಪನ ಕಿವಿಗೆ ಬಾಯಿ ಹಚ್ಚಿ, ಪದ್ಧತಿಯಂತೆ ಕುರ್ರ್ ಎಂದು ಊದಿ, "ಉಡಚಪ್ಪ" ಎಂದೆ. ಬೆನ್ನ ಮೇಲೆ ದಬದಬ ಗುದ್ದು ಬಿತ್ತು.

ಅಪ್ಪನ ಕಣ್ಣಂಚಿನಿಂದ ನೀರು ಇಳಿದು ಕುಂಚಿಗೆಯ ದಾರ ತೋಯಿಸಿತು.

"ಛಲೋ ಹೆಸರೈತಿ" ಎಂದ. "ಇನ್ನೊಮ್ಮೆ ಹೇಳವಾ."