ಕಮಲಾಪುರದ ಹನ್ನೊಂದು ಕಲ್ಲು

ತೊಗರಿಬೇಳೆಯ ಧೂಳು ಮೂಗಿಗೆ ಬಡಿದರೆ ಸಾಕು, ಇಂದೂಬಾಯಿಗೆ ಎಂಬತ್ತೆಂಟರ ಮಾರ್ಚ್ ತಿಂಗಳು ನೆನಪಾಗುತ್ತದೆ. ಅವ್ವ ತೀರಿಕೊಂಡು ಹದಿನಾಲ್ಕು ದಿನವಾಗಿತ್ತು. ತಮ್ಮ ಬಂಡುವನ್ನು ಕಮಲಾಪುರದಿಂದ ಕಲಬುರ್ಗಿಗೆ ಕರೆದುಕೊಂಡು ಹೊರಟಿದ್ದಳು. ಅವನಿಗೆ ಆಗ ಮೂವತ್ತೊಂದು. ದೇಹ ಬೆಳೆದಷ್ಟು ಬುದ್ಧಿ ಬೆಳೆದಿರಲಿಲ್ಲ. ಊರವರು ಅವನೆದುರಿಗೇ ‘ಅರೆಬುದ್ಧಿ’ ಅನ್ನುತ್ತಿದ್ದರು, ಅವರ ಬಾಯಿಗೆ ಮಣ್ಣು ಹಾಕ! ಬಟ್ಟೆಯ ಗಂಟನ್ನು ಅಕ್ಕನಿಗೆ ಹೊರಿಸಿ, ತಾನು ಬಿದಿರಿನ ಮೊರವನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಕೂತಿದ್ದ.

“ಇದಕ್ಕೂ ಟಿಕೇಟ್ ತಗೀಬೇಕಾಗ್ತದ ನೋಡಪಾ,” ಎಂದು ಕಂಡಕ್ಟರ್ ಚೇಷ್ಟೆ ಮಾಡಿದ.

“ಇದು ನನ್ನ ಕೆಲಸದ್ದು,” ಎಂದ ಬಂಡು ಗಂಭೀರವಾಗಿ.

ಆ ಕೆಲಸದ ಗುಟ್ಟು ಇಂದೂಬಾಯಿಗೆ ಗೊತ್ತಿತ್ತು. ಅವ್ವ ಮುಕ್ತಾಬಾಯಿ ದಿನಾ ಬೆಳಗ್ಗೆ ಮಗನ ಮುಂದೆ ಒಂದು ಮೊರ ಬೇಳೆ ಸುರಿಯುತ್ತಿದ್ದಳು. ಅವನು ಮಧ್ಯಾಹ್ನದ ತನಕ ಒಂದೊಂದೇ ಕಾಳು ಸರಿಸಿ ಹಸನು ಮಾಡಿ, ಸಿಕ್ಕ ಕಲ್ಲುಗಳನ್ನು ಕಿಟಕಿಯ ಗೂಡಿನಲ್ಲಿಟ್ಟು ಏಳುತ್ತಿದ್ದ. ಸಂಜೆ ಅವನು ಹನುಮಪ್ಪನ ಗುಡಿಗೆ ಮಂಗಳಾರತಿಗೆ ಹೋದಾಗ ಅವ್ವ ಅವೇ ಕಲ್ಲುಗಳನ್ನು ಮತ್ತೆ ಬೇಳೆಗೆ ಬೆರೆಸಿಡುತ್ತಿದ್ದಳು. “ಏನ್ ಮಾಡ್ಲಿ ಇಂದೂ, ಕೆಲಸ ಇಲ್ಲದ ದಿನ ಗ್ವಾಡಿಗೆ ತಲಿ ಬಡಕೋತಾನ. ನೀನೂ ಹಿಂಗ ಮಾಡು,” ಎಂದು ಹಾಸಿಗೆ ಹಿಡಿದಾಗ ಹೇಳಿ, ಕಲ್ಲಿನ ಡಬ್ಬಿಯನ್ನು ಮಗಳ ಕೈಗೆ ಕೊಟ್ಟಿದ್ದಳು. ಅದರಲ್ಲಿ ಹನ್ನೊಂದು ಕಲ್ಲಿದ್ದವು.

ಇಂದೂಬಾಯಿ ಶಾಲೆಯಲ್ಲಿ ಕಲಿಸುವವಳು. ಕಲಬುರ್ಗಿಯ ಐವಾನ್-ಎ-ಶಾಹಿ ಕಡೆ ಎರಡು ಕೋಣೆಯ ಮನೆ, ಗಂಡ ಇಲ್ಲ, ಮಕ್ಕಳಿಲ್ಲ. ಅವ್ವ ಹೇಳಿದಂತೆಯೇ ಮಾಡಿದಳು. ನಾಲ್ಕೇ ದಿನ ನಡೆಯಿತು. ಐದನೆಯ ದಿನ ಶಾಲೆಯಿಂದ ಬಂದರೆ ಬಂಡು ಕಲ್ಲುಗಳನ್ನು ಹೊಸ್ತಿಲ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಿದ್ದ.

“ಅಕ್ಕಾ, ಇವು ಕಮಲಾಪುರದವು. ಇದು ನೋಡು, ಕರೀದು, ನಡುವ ಬಿಳೀ ಗೆರಿ ಅದ. ಇದು ಹಲ್ಲಿನಂಗ ಅದ. ಅವ್ವ ದಿನಾ ಹಾಕ್ತಿದ್ಲು.”

ಇಂದೂಬಾಯಿ ಕೈಯ ಚೀಲ ಕೆಳಗಿಟ್ಟಳು. “ನಿನಗ ಗೊತ್ತಿತ್ತೇನೋ? ಮತ್ತ ಅವ್ವಗ ಯಾಕ ಹೇಳಲಿಲ್ಲ?”

“ಅವ್ವಗ ಖುಷಿ ಆಗ್ತಿತ್ತು,” ಎಂದ ಬಂಡು. “ಈಗ ಅವ್ವ ಇಲ್ಲ. ನನಗ ಹೊಸಾ ಕಲ್ಲು ಬೇಕು.”

ಇಂದೂಬಾಯಿ ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟಳು. ಕಲ್ಲುಗಳನ್ನು ಡಬ್ಬಿಗೆ ಹಾಕಿ ದೇವರ ಗೂಡಿನ ಹಿಂದೆ ಸರಿಸಿದಳು. ಆದರೆ ಕೆಲಸ ಎಲ್ಲಿಂದ ತರುವುದು? ಬಂಡು ಮೊರ ಮುಟ್ಟಲಿಲ್ಲ. ಮೂರನೆಯ ದಿನಕ್ಕೆ ಅವನ ಹಣೆ ಬಾತುಕೊಂಡಿತ್ತು, ಗೋಡೆಯ ಸುಣ್ಣಕ್ಕೆ ರಕ್ತ ಹತ್ತಿತ್ತು. ಅವಳು ಶಾಲೆಗೆ ರಜೆ ಹಾಕಿ, ತಮ್ಮನ ಕೈ ಹಿಡಿದು ಊರ ನಡುವಿನ ಸೂಪರ್ ಮಾರ್ಕೆಟ್ ಪೇಟೆಗೆ ನಡೆದಳು.

ಅಲ್ಲಿ ಬೇಳೆ ವ್ಯಾಪಾರದ ದೌಲಪ್ಪನ ಮಗಳು ಅವಳ ಕೈಯಲ್ಲಿ ಓದಿದವಳು. ಅಂಗಡಿಯ ಹಿತ್ತಿಲಲ್ಲಿ ಹತ್ತು-ಹನ್ನೆರಡು ಹೆಂಗಸರು ಕೂತು ಬೇಳೆ ಹಸನು ಮಾಡುತ್ತಿದ್ದರು. ದೌಲಪ್ಪ ಒಳ್ಳೆಯ ಮನುಷ್ಯ, ತಂಟೆ ಇದ್ದದ್ದು ಆ ಒಳ್ಳೆಯತನದಲ್ಲೇ.

“ಚಿಂತಿ ಬಿಡ್ರಿ ಬಾಯಾರ. ಮೂಲ್ಯಾಗ ಒಂದು ಚೀಲ ಇಟ್ಟಿರ್ತೀನಿ, ಪಾಪ, ಆಡಕೋತ ಕುಂದರ್ಲಿ.”

“ಆಡಾಕ ಅಲ್ರೀ ಸಾವ್ಕಾರ್ರ. ಖರೇ ಕೆಲಸ ಕೊಡ್ರಿ. ಸುಳ್ಳು ಕೆಲಸ ಅವಗ ಗೊತ್ತಾಗ್ತದ.”

ದೌಲಪ್ಪ ಮೀಸೆಯೊಳಗೇ ನಕ್ಕ. ಮೊದಲ ದಿನ ಹೆಂಗಸರು ಚೀಲಗಟ್ಟಲೆ ಮುಗಿಸಿದರೆ ಬಂಡು ಮುಗಿಸಿದ್ದು ಎರಡೇ ಮೊರ. ನೋಡೇಬಿಡೋಣ ಎಂದು ದೌಲಪ್ಪ ಮರುದಿನ ಅವನ ಮೊರಕ್ಕೆ ಹಿಂದಿನ ದಿನದ ಕಲ್ಲುಗಳನ್ನೇ ಉದುರಿಸಿದ. ಮಧ್ಯಾಹ್ನ ಬಂಡು ಎದ್ದು ದೌಲಪ್ಪ ಕೂತಿದ್ದ ಗಾದಿಯ ಹತ್ತಿರ ಬಂದು, ಅವನ ಅಂಗೈ ಬಿಡಿಸಿ ಕಲ್ಲುಗಳನ್ನು ಇಟ್ಟ.

“ಸಾವ್ಕಾರ್ರ, ಇವು ನಿನ್ನಿ ತಗದಿದ್ದೆ. ಮತ್ತ ಯಾಕ ಹಾಕೀರಿ?”

ಹೆಂಗಸರಲ್ಲಿ ಹಿರಿಯಳಾದ ಇಮಾಮಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. “ಹಾಯ್ ಅಲ್ಲಾ! ಇಪ್ಪತ್ತು ವರ್ಷದಾಗ ನಿಮಗ ಹಿಂಗ ಕೇಳಿದವರು ಯಾರೂ ಇದ್ದಿಲ್ಲ ಬಿಡ್ರಿ!” ಆಮೇಲೆ ನಗು ನಿಲ್ಲಿಸಿ ಹೇಳಿದಳು. “ಸಾವ್ಕಾರ್ರ, ಹೋದ ವರ್ಷ ಬೀಗರ ಹಲ್ಲಿಗೆ ಕಲ್ಲು ಸಿಕ್ಕು ಮದುವಿ ಮನ್ಯಾಗ ನಿಮ್ಮ ಮರ್ಯಾದಿ ಹೋಯ್ತಲ್ಲ? ಮದುವಿ ಬ್ಯಾಳಿ ಇನ್ನ ಮ್ಯಾಲ ಈತನ ಕೈಯಾಗ ಕೊಡ್ರಿ. ನಾವು ಹಸನ ಮಾಡಿದ್ದು ಈತ ಕಡೀಗೊಮ್ಮೆ ನೋಡ್ಲಿ. ಹಾಜರಿ ಪುಸ್ತಕದಾಗ ಹೆಸರು ಬರ್ಕೊಳ್ರಿ. ಖೈರಾತ್ ಅಲ್ಲ, ದಾನ ಅಲ್ಲ ಇದು, ಕೆಲಸ.”

ಹಾಜರಿ ಪುಸ್ತಕದಲ್ಲಿ ಬಂಡುವಿನ ಹೆಸರು ಬಂತು, ಹೆಂಗಸರಿಗೆ ಸಿಗುವಷ್ಟೇ ಪಗಾರವೂ ಬಂತು.

ಆಹಾ, ಎಂಥ ವರ್ಷಗಳವು! ಒಂಬತ್ತಕ್ಕೆ ಅಕ್ಕ-ತಮ್ಮ ಇಬ್ಬರೂ ಊಟದ ಡಬ್ಬಿ ಹಿಡಿದು ಹೊರಡುವುದು, ಅವಳು ಶಾಲೆಗೆ, ಅವನು ಅಂಗಡಿಗೆ. ಪಗಾರದ ಸಂಜೆ ಅವನು ಎಣ್ಣೆ ಜಿನುಗುವ ಕಾಗದದಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುತ್ತಿದ್ದ. ಮದುವೆ ಮನೆಯವರು ಅಂಗಡಿಗೆ ಬಂದು “ಬಂಡು ನೋಡಿದ ಬ್ಯಾಳೀನೇ ಬೇಕ್ರೀ” ಎಂದು ಹಟ ಮಾಡುತ್ತಿದ್ದರು. ಇಮಾಮಬಿ ತನ್ನ ಮೊಮ್ಮಗಳ ನಿಕಾಹ್‌ಗೆ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದಳು. ಹಣೆಯ ಗಾಯ ಮಾಯ್ದು ಗುರುತಷ್ಟೇ ಉಳಿಯಿತು.

ಎರಡು ಸಾವಿರದ ಮೂರರಲ್ಲಿ ಇಂದೂಬಾಯಿಗೆ ನಿವೃತ್ತಿಯಾಯಿತು. ಒಂಬತ್ತಾದರೆ ಕಾಲು ತಾವಾಗಿಯೇ ಚಪ್ಪಲಿ ಹುಡುಕುತ್ತಿದ್ದವು. ಬಂಡು ಅಂಗಡಿಗೆ ಹೋದ ಮೇಲೆ ಮನೆ ತಿನ್ನಲು ಬರುತ್ತಿತ್ತು. ಗೋಡೆ ನೋಡುತ್ತ ಕೂತಿರುತ್ತಿದ್ದಳು. ಊಟ ಸೇರದು, ಮಾತು ಬೇಡ.

ಒಂದು ಬೆಳಗ್ಗೆ ಬಂಡು ಅವಳ ಮುಂದೆ ಆ ಹಳೆಯ ಮೊರ ತಂದಿಟ್ಟ. “ಅಕ್ಕಾ, ಮನಿ ಬ್ಯಾಳಿ ಹಸನ ಮಾಡಿಡು. ನನಗ ವ್ಯಾಳ್ಯಾ ಇಲ್ಲ.”

ಅವಳಿಗೆ ನಗು ಬಂತು. ಅವನೇ ತರುವ ಬೇಳೆಯಲ್ಲಿ ಹದಿನೈದು ವರ್ಷದಿಂದ ಒಂದು ಕಲ್ಲೂ ಕಂಡದ್ದಿಲ್ಲ. ಆದರೂ ಚಾಳೀಸು ಮೂಗಿಗೇರಿಸಿ ಕಿಟಕಿಯ ಬಳಿ ಕೂತಳು. ಬೆರಳಿಗೆ ಏನೋ ತಾಗಿತು. ಕರಿಯ ಕಲ್ಲು, ನಡುವೆ ಬಿಳಿಯ ಗೆರೆ. ಸ್ವಲ್ಪ ಹೊತ್ತಿಗೆ ಹಲ್ಲಿನಂಥದು. ಕಣ್ಣು ತುಂಬಿ ಕಾಳು ಕಾಣದಾಯಿತು, ಒರೆಸಿಕೊಂಡು ಮತ್ತೆ ಹುಡುಕಿದಳು. ಮಧ್ಯಾಹ್ನಕ್ಕೆ ಹನ್ನೊಂದೂ ಸಿಕ್ಕವು. ಅವನ್ನು ಕಿಟಕಿಯ ಗೂಡಿನಲ್ಲಿಟ್ಟು, ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಸಂಜೆ ಬಂಡು ಬಂದವನೇ ಗೂಡಿನ ಕಡೆ ನೋಡಿದ. “ಎಲ್ಲಾ ಸಿಕ್ಕವೇನಕ್ಕಾ?”

“ಸಿಕ್ಕವಪಾ. ಎಷ್ಟು ಕಲ್ಲೋ ಮಾರಾಯಾ ಈ ಬ್ಯಾಳ್ಯಾಗ! ಸಾಕಾತು ನನಗ.”

ಅವನ ಮುಖ ಅರಳಿತು. “ನಾಳಿಗೂ ಇರ್ತಾವ,” ಎಂದು ಕೈಕಾಲು ತೊಳೆಯಲು ಹೋದ.

ಮಂಗಳಾರತಿಯ ಹೊತ್ತಾಯಿತು. ಎಂದೂ ಸಂಜೆ ಗುಡಿಗೆ ಹೋಗದ ಇಂದೂಬಾಯಿ ಅಂದು ಚಪ್ಪಲಿ ಮೆಟ್ಟಿ ಹೊರಟಳು. ಕಲ್ಲು ಬೆರೆಸಲು ಅವನಿಗೆ ಅಷ್ಟಾದರೂ ಹೊತ್ತು ಬೇಕಲ್ಲ.